ಬೇಸಿಗೆ ಇಂಟರ್ನ್‌ಶಿಪ್‌ಗೆ ಪರ್ಯಾಯ ಶಾಲೆ: ಹೋಗುವ ಮುನ್ನ ತಿಳಿದಿರಬೇಕಾದದ್ದು

ಪ್ರಶ್ನೆ: ಮೈಸೂರಿನ ಸ್ವಾಯತ್ತ ಕಾಲೇಜೊಂದರಲ್ಲಿ ಬಿ.ಎ. ನಾಲ್ಕನೇ ಸೆಮಿಸ್ಟರ್ ಓದುತ್ತಿದ್ದೇನೆ, ಮನೋವಿಜ್ಞಾನ ನನ್ನ ಮುಖ್ಯ ವಿಷಯ. ಊರು ಅರಸೀಕೆರೆ ಹತ್ತಿರದ ಹಳ್ಳಿ. ಪಿಯುಸಿವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಈ ಬೇಸಿಗೆಯಲ್ಲಿ 120 ಗಂಟೆಗಳ ಇಂಟರ್ನ್‌ಶಿಪ್ ಮುಗಿಸಬೇಕು. ಬೆಂಗಳೂರಿನ ಒಂದು ಪರ್ಯಾಯ ಶಾಲೆಗೆ ಬರೆದೆ. ಎಂಬತ್ತು ಮಕ್ಕಳ ಸಣ್ಣ ಶಾಲೆ, ಪರೀಕ್ಷೆ ಇಲ್ಲ, ಸಮವಸ್ತ್ರ ಇಲ್ಲ. ಏಪ್ರಿಲ್‌ನಲ್ಲಿ ಬರುವುದು ಬೇಡ, ಜೂನ್‌ನಲ್ಲಿ ಬನ್ನಿ, ಸ್ಟೈಪೆಂಡ್ ಇಲ್ಲ, ಪೊಲೀಸ್ ವೆರಿಫಿಕೇಶನ್ ಸರ್ಟಿಫಿಕೇಟ್ ತನ್ನಿ ಅಂದರು. ನನ್ನ ಮೇಲೆ ಅನುಮಾನವೇ ಅನಿಸಿ ಬೇಸರವಾಯಿತು. ಜೂನ್‌ನಲ್ಲಿ ನನಗೆ ಕಾಲೇಜು ಶುರುವಾಗುತ್ತದೆ. ಗೆಳತಿಯೊಬ್ಬಳು 4,000 ರೂಪಾಯಿ ಕಟ್ಟಿ ಆನ್‌ಲೈನ್‌ನಲ್ಲೇ ಸರ್ಟಿಫಿಕೇಟ್ ತೆಗೆದುಕೊಂಡಿದ್ದಾಳೆ. ಇಂಗ್ಲಿಷ್ ಅಷ್ಟಕ್ಕಷ್ಟೇ ಇರುವ ನನಗೆ ಅಲ್ಲಿ ಪಾಠ ಮಾಡಲು ಬಿಡುತ್ತಾರೆಯೇ? ‘ಇದರಿಂದ ಕೆಲಸ ಸಿಗುತ್ತಾ’ ಅನ್ನುವ ಅಪ್ಪನಿಗೆ ಏನು ಹೇಳಲಿ?

ಉತ್ತರ: ಸ್ಟೈಪೆಂಡ್, ಇಂಗ್ಲಿಷ್, ಪೊಲೀಸ್ ಕಾಗದ ಎಲ್ಲಕ್ಕೂ ದಾರಿ ಇದೆ. ನಿಜವಾದ ತೊಡಕು ಕ್ಯಾಲೆಂಡರಿನದು, ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

‘ಬೇಸಿಗೆ ಇಂಟರ್ನ್‌ಶಿಪ್’ ಎಂಬ ಮಾತು ಕಂಪನಿ, ಬ್ಯಾಂಕು, ಲ್ಯಾಬುಗಳಿಗೆ ಹೊಂದುತ್ತದೆ. ಅವುಗಳಿಗೆ ಮೇ ತಿಂಗಳಲ್ಲಿ ಬೀಗ ಬೀಳುವುದಿಲ್ಲ. ಶಾಲೆ ಹಾಗಲ್ಲ. ಕರ್ನಾಟಕದ ರಾಜ್ಯ ಪಠ್ಯಕ್ರಮದ ಶಾಲೆಗಳು ಸಾಮಾನ್ಯವಾಗಿ ಏಪ್ರಿಲ್ ಎರಡನೇ ವಾರ ಮುಚ್ಚಿದರೆ ತೆರೆಯುವುದು ಮೇ ಕೊನೆಗೆ. ಪರ್ಯಾಯ ಶಾಲೆಗಳ ರಜೆ ಒಂದೆರಡು ವಾರ ಆಚೀಚೆ ಇರಬಹುದು, ಅಷ್ಟೇ. ಏಪ್ರಿಲ್‌ನಲ್ಲಿ ಬರಬೇಡಿ ಎಂದ ಶಾಲೆ ನಿಮ್ಮನ್ನು ದೂರ ಇಡುತ್ತಿಲ್ಲ. ಆಗ ಬಂದರೆ ನಿಮಗೆ ಖಾಲಿ ಕೋಣೆ, ಬಣ್ಣ ಬಳಿಯುವವರು, ಲೆಕ್ಕಪತ್ರ ನೋಡುವ ಒಬ್ಬರು ಸಿಗುತ್ತಾರೆ, ಮಕ್ಕಳು ಸಿಗುವುದಿಲ್ಲ. ಏಪ್ರಿಲ್‌ನಲ್ಲೇ ಬನ್ನಿ ಎಂದು ಒಪ್ಪಿಕೊಳ್ಳುವ ಶಾಲೆಯ ಬಗ್ಗೆಯೇ ಹೆಚ್ಚು ವಿಚಾರಿಸಬೇಕು. ಫೋಟೊ ಪೋಸ್ಟ್ ಮಾಡುವುದು, ಪ್ರವೇಶಕ್ಕೆ ಬರುವ ಪೋಷಕರಿಗೆ ಫೋನ್ ಮಾಡುವುದು ಇವೇ ನಿಮ್ಮ 120 ಗಂಟೆ ಆಗಿಬಿಡಬಹುದು.

ಮೊದಲು ಕಾಲೇಜಿನಲ್ಲಿ ವಿಚಾರಿಸಿ. 2022ರ ಡಿಸೆಂಬರಿನಲ್ಲಿ ಯುಜಿಸಿ ಹೊರಡಿಸಿದ ಪದವಿ ಪಠ್ಯಕ್ರಮದ ಚೌಕಟ್ಟಿನಲ್ಲಿ ಇಂಟರ್ನ್‌ಶಿಪ್‌ನ ಒಂದು ಕ್ರೆಡಿಟ್ ಅಂದರೆ 30 ಗಂಟೆ. ನಿಮ್ಮ 120 ಗಂಟೆ ನಾಲ್ಕು ಕ್ರೆಡಿಟ್‌ಗೆ ಸರಿಹೋಗುತ್ತದೆ. ಆದರೆ ಕರ್ನಾಟಕ 2024–25ರಿಂದ ನಾಲ್ಕು ವರ್ಷದ ಆನರ್ಸ್ ಕೈಬಿಟ್ಟು ಮೂರು ವರ್ಷದ ಪದವಿಗೆ ಮರಳಿದೆ. ಸ್ವಾಯತ್ತ ಕಾಲೇಜುಗಳ ನಿಯಮಗಳೂ ಒಂದೇ ರೀತಿ ಇಲ್ಲ. ಸೀನಿಯರ್‌ಗಳ ಮಾತು ನಂಬಿ ಕೂರಬೇಡಿ, ಪಠ್ಯಕ್ರಮದ ಆ ಪುಟದ ಪ್ರತಿಯನ್ನೇ ಕೇಳಿ ಪಡೆಯಿರಿ. ಅದರಲ್ಲಿ ಮೂರು ಸಂಗತಿ ನೋಡಿ. ಗಂಟೆಗಳನ್ನು ಒಂದೇ ಉಸಿರಿಗೆ ಮುಗಿಸಬೇಕೋ, ಬಿಡಿಬಿಡಿಯಾಗಿ ಮಾಡಬಹುದೋ? ಎರಡು ಸಂಸ್ಥೆಗಳಲ್ಲಿ ಹಂಚಿ ಮಾಡಲು ಅವಕಾಶ ಇದೆಯೋ? ಸಾಮಗ್ರಿ ತಯಾರಿ, ದಿನಚರಿ ಬರೆಯುವ ಸಮಯ ಗಂಟೆಗಳ ಲೆಕ್ಕಕ್ಕೆ ಬರುತ್ತದೋ? ನಿಮ್ಮ ಮುಂದಿನ ಆಯ್ಕೆಗಳೆಲ್ಲ ಈ ಮೂರು ಉತ್ತರಗಳ ಮೇಲೆ ನಿಂತಿವೆ.

ದಿನಕ್ಕೆ ಆರು ಗಂಟೆ, ವಾರಕ್ಕೆ ಐದು ದಿನ ಎಂದರೆ 120 ಗಂಟೆ ನಾಲ್ಕು ವಾರದಲ್ಲಿ ಮುಗಿಯುತ್ತದೆ. ದಿನಕ್ಕೆ ಮೂರು ಗಂಟೆಯಂತೆ ಹೋದರೆ ಎಂಟು ವಾರ. ಶಾಲೆಗಳಿಗೆ ಎರಡನೆಯದೇ ಇಷ್ಟ, ಮಕ್ಕಳಿಗೂ ಅದೇ ಒಳ್ಳೆಯದು. ಮೊದಲ ವಾರ ಮಕ್ಕಳು ಹೊಸಬರನ್ನು ಪರೀಕ್ಷೆ ಮಾಡುತ್ತಾರೆ, ಎರಡನೇ ವಾರ ಬೆನ್ನು ಹತ್ತುತ್ತಾರೆ, ಮೂರನೇ ವಾರಕ್ಕೆ ಸಹಜವಾಗುತ್ತಾರೆ. ಅಷ್ಟರಲ್ಲಿ ನೀವು ಹೊರಟು ನಿಂತಿರುತ್ತೀರಿ. ನಾಲ್ಕು ವಾರದ ಇಂಟರ್ನ್ ಎಂದರೆ ಅನೇಕ ಶಾಲೆಗಳು ಹಿಂಜರಿಯುವುದು ಇದಕ್ಕೇ. ಸ್ಟೈಪೆಂಡ್ ಉಳಿಸುವ ಲೆಕ್ಕ ಅದರಲ್ಲಿಲ್ಲ.

ಇನ್ನು ‘ಪರ್ಯಾಯ ಶಾಲೆ’ ಕುರಿತು ಓಡಾಡುವ ತಪ್ಪು ಕಲ್ಪನೆಗಳು. ಅಲ್ಲಿ ಶಿಸ್ತಿಲ್ಲ, ಮಕ್ಕಳು ಇಡೀ ದಿನ ಆಡಿಕೊಂಡಿರುತ್ತಾರೆ, ಇಂಟರ್ನ್ ಹೋಗಿ ಜತೆಗೆ ಆಡಿದರೆ ಸಾಕು ಎಂದು ಕೆಲವರು ಅಂದುಕೊಳ್ಳುತ್ತಾರೆ. ವಾಸ್ತವ ಬೇರೆ. ಗಂಟೆ ಬಾರಿಸದ ಶಾಲೆಯಲ್ಲಿ ದಿನದ ವಿನ್ಯಾಸ ಇನ್ನೂ ಬಿಗಿಯಾಗಿರುತ್ತದೆ, ಮೇಲ್ನೋಟಕ್ಕೆ ಕಾಣುವುದಿಲ್ಲ ಅಷ್ಟೇ. ಮಾಂಟೆಸರಿ ಪದ್ಧತಿಯ ಶಾಲೆಯಲ್ಲಿ ಬೆಳಗಿನ ಸುಮಾರು ಮೂರು ಗಂಟೆ ಅಡೆತಡೆಯಿಲ್ಲದ ಕೆಲಸದ ಅವಧಿ. ಮಣಿ, ಉಪ್ಪುಕಾಗದದ ಅಕ್ಷರ, ಕಂಬಿ ಮುಂತಾದ ಕಲಿಕಾ ಸಾಮಗ್ರಿಗಳನ್ನು ತರಬೇತಿ ಇಲ್ಲದವರು ಮಕ್ಕಳಿಗೆ ತೋರಿಸಿಕೊಡುವಂತಿಲ್ಲ. ರುಡಾಲ್ಫ್ ಸ್ಟೈನರ್ ಎಂಬ ಚಿಂತಕರಿಂದ ಶುರುವಾದ ಸ್ಟೈನರ್ (ವಾಲ್ಡಾರ್ಫ್) ಪದ್ಧತಿಯಲ್ಲಿ ಒಂದೇ ವಿಷಯ ಪ್ರತಿದಿನ ಬೆಳಗ್ಗೆ ಎರಡು ಗಂಟೆಯಷ್ಟು, ಮೂರು–ನಾಲ್ಕು ವಾರ ನಡೆಯುತ್ತದೆ. ನಡುವೆ ಬಂದವರಿಗೆ ತಲೆಬುಡ ಹತ್ತುವುದಿಲ್ಲ. ದಾರ್ಶನಿಕ ಜೆ. ಕೃಷ್ಣಮೂರ್ತಿ ಅವರ ಹೆಸರಿನ ಫೌಂಡೇಶನ್ನಿನ ವ್ಯಾಲಿ ಸ್ಕೂಲ್‌ನಂಥ ಕಡೆ ಪ್ರಕೃತಿಯ ನಡುವಿನ ನಡಿಗೆಯೂ ಕಲಿಕೆಯ ಭಾಗ, ಬಿಡುವಿನ ಪಿಕ್ನಿಕ್ ಅಲ್ಲ. ನೀವು ಬರೆದ ಶಾಲೆ ಯಾವ ಪರಂಪರೆಯದು ಎಂದು ಮೊದಲೇ ತಿಳಿದುಕೊಂಡು ಹೋಗಿ. ‘ಪರ್ಯಾಯ’ ಎಂಬ ಒಂದೇ ಕೊಡೆಯ ಕೆಳಗೆ ಒಂದಕ್ಕೊಂದು ಒಪ್ಪದ ಹತ್ತು ಪಂಥಗಳಿವೆ.

ಇಂಥ ಶಾಲೆಗಳು ಶ್ರೀಮಂತರ ಖಯಾಲಿ ಅನ್ನುವ ಮಾತೂ ಪೂರ್ತಿ ನಿಜವಲ್ಲ. 1972ರಲ್ಲಿ ಬ್ರಿಟಿಷ್ ಮೂಲದ ಶಿಕ್ಷಣತಜ್ಞ ಡೇವಿಡ್ ಹಾರ್ಸ್‌ಬರೋ ಕೋಲಾರ ಜಿಲ್ಲೆಯ ನೀಲ್‌ಬಾಗ್‌ನಲ್ಲಿ ಕಟ್ಟಿದ್ದು ಹಳ್ಳಿ ಮಕ್ಕಳ ಶಾಲೆ. ಬೇರೆ ಬೇರೆ ವಯಸ್ಸಿನವರು ಒಟ್ಟಿಗೆ ಕೂತು, ಪರೀಕ್ಷೆಯ ಗೋಜಿಲ್ಲದೆ ಕಲಿಯುತ್ತಿದ್ದರು. ನಮ್ಮ ಸರ್ಕಾರಿ ಶಾಲೆಯ ನಲಿ–ಕಲಿ ಕೂಡ ಆಂಧ್ರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳ ಪ್ರಯೋಗ ನೋಡಿ ಬಂದ ಎಚ್.ಡಿ. ಕೋಟೆಯ ಶಿಕ್ಷಕರು 1995ರಲ್ಲಿ ಶುರು ಮಾಡಿದ್ದು. ಕಲಿಕಾ ಏಣಿ, ಚಿತ್ರಸಂಕೇತದ ಕಾರ್ಡು, ಗುಂಪು ತಟ್ಟೆ ನಿಮ್ಮೂರ ಶಾಲೆಯಲ್ಲೂ ಇದ್ದಿರಬೇಕು. ಒಂದರಿಂದ ಮೂರನೇ ತರಗತಿವರೆಗೆ ನಲಿ–ಕಲಿಯಲ್ಲಿ ಓದಿದ್ದರೆ, ನೀವು ಬೆಂಗಳೂರಿನಲ್ಲಿ ನೋಡಲು ಹೊರಟಿರುವುದರ ಒಂದು ರೂಪವನ್ನು ಆಗಲೇ ಅನುಭವಿಸಿದ್ದೀರಿ. ಅರ್ಜಿಯಲ್ಲಿ ಅದನ್ನು ಬರೆಯಿರಿ. ‘ಮಕ್ಕಳೆಂದರೆ ನನಗೆ ಪ್ರೀತಿ’ ಎಂಬ ಸಾಲಿಗಿಂತ ಅದಕ್ಕೆ ತೂಕ ಹೆಚ್ಚು.

ಪಾಠ ಮಾಡಲು ಬಿಡುತ್ತಾರೆಯೇ? ಮೊದಲ ವಾರವಂತೂ ಬಿಡಬಾರದು. ಶಿಕ್ಷಕರ ಅರ್ಹತೆಯ ಬಗ್ಗೆ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಷರತ್ತುಗಳಿವೆ. ಇಂಟರ್ನ್ ಎಂದರೆ ಶಿಕ್ಷಕರ ಬದಲಿ ಅಲ್ಲ. ಮೊದಲ ದಿನವೇ ‘ಮೂರನೇ ಗುಂಪನ್ನು ಸ್ವಲ್ಪ ನೋಡಿಕೊಳ್ಳಿ’ ಎಂದು ಇಪ್ಪತ್ತು ಮಕ್ಕಳನ್ನು ಒಪ್ಪಿಸುವ ಶಾಲೆಗೆ ಶಿಕ್ಷಕರ ಕೊರತೆ ಇದೆ ಎಂದರ್ಥ. ಸ್ವಾತಂತ್ರ್ಯ ಕೊಟ್ಟರೆಂದು ಖುಷಿಪಡಬೇಡಿ. ನಾಳೆ ಮಗುವೊಂದು ಬಿದ್ದು ಕೈ ಮುರಿದುಕೊಂಡರೆ ಜವಾಬ್ದಾರಿ ಯಾರದು ಎಂಬುದು ಯಾವ ಕಾಗದದಲ್ಲೂ ಇರುವುದಿಲ್ಲ.

ಪಾಠ ಮಾಡದೆ ಏನು ಮಾಡುವುದು? ನೋಡುವುದು. ಕೇಳಲು ಸಪ್ಪೆ, ಮಾಡಲು ಕಷ್ಟ. ಮನೋವಿಜ್ಞಾನದ ವಿದ್ಯಾರ್ಥಿಗೆ ಇಂಥ ಶಾಲೆ ಕೊಡಬಲ್ಲ ದೊಡ್ಡ ಲಾಭವೂ ಇದೇ.

ಕಿಸೆಯಲ್ಲಿ ಹಿಡಿಸುವ ಒಂದು ಪುಸ್ತಕ ಇಟ್ಟುಕೊಳ್ಳಿ. ಪುಟಕ್ಕೆ ಮೂರು ಕಾಲಂ: ಸಮಯ, ಕಂಡದ್ದು–ಕೇಳಿದ್ದು, ನನ್ನ ಊಹೆ. ದಿನಕ್ಕೆ ಒಂದೇ ಮಗುವನ್ನು ಹತ್ತು ನಿಮಿಷ ನೋಡಿ. ಹೊಸ ಇಂಟರ್ನ್‌ಗಳು ಬರೆಯುವುದು ಹೀಗೆ: ‘ಹುಡುಗನಿಗೆ ಏಕಾಗ್ರತೆ ಇಲ್ಲ, ಪದೇಪದೇ ಎದ್ದು ಹೋಗುತ್ತಾನೆ, ಹಂಚಿಕೊಳ್ಳುವ ಗುಣ ಇದೆ.’ ಇದರಲ್ಲಿ ಕಂಡದ್ದು ಒಂದೂ ಇಲ್ಲ, ಮೂರೂ ತೀರ್ಪು. ಅದೇ ಹತ್ತು ನಿಮಿಷವನ್ನು ಹೀಗೆ ಬರೆಯಬಹುದಿತ್ತು: ‘10.05, ಮಗು ಕ ಚಾಪೆ ಹಾಸಿದ, ಮಣಿಸರದ ಪೆಟ್ಟಿಗೆ ತಂದ. 10.07, ಹೊರಗೆ ಜೆಸಿಬಿ ಸದ್ದು, ಎದ್ದು ಕಿಟಕಿಗೆ ಹೋದ. 10.08, ವಾಪಸ್, ಎಣಿಕೆ ಮೊದಲಿಂದ ಶುರು. 10.11, ಮತ್ತೆ ಕಿಟಕಿ. ಈ ಸಲ ಸರದ ಮೇಲೆ ಪೆನ್ಸಿಲ್ ಅಡ್ಡ ಇಟ್ಟು ಹೋದ. 10.12, ಪೆನ್ಸಿಲ್ ಇಟ್ಟ ಜಾಗದಿಂದ ಎಣಿಕೆ ಮುಂದುವರಿಸಿದ. 10.14, ಮಗು ಮ ಬಂದು ಒಂದು ಸರ ಎತ್ತಿಕೊಂಡಳು. ಏನೂ ಹೇಳದೆ ಇನ್ನೊಂದನ್ನೂ ಕೊಟ್ಟ.’ ಈಗ ಓದಿದರೆ ಏಕಾಗ್ರತೆ ಇಲ್ಲದ ಹುಡುಗ ಮಾಯ. ತನ್ನ ಗಮನ ಚೆದುರುತ್ತದೆ ಎಂದು ತಿಳಿದು ಅದಕ್ಕೊಂದು ಉಪಾಯ ಹುಡುಕಿಕೊಂಡ ಹುಡುಗ ಕಾಣುತ್ತಾನೆ. ಆ ಪೆನ್ಸಿಲ್ ನಿಮ್ಮ ವರದಿಯ ಒಂದು ಪುಟಕ್ಕೆ ಸಾಕು. ಮಕ್ಕಳ ಹೆಸರು ಬೇಡ, ಇನಿಷಿಯಲ್ಲೂ ಬೇಡ, ಕ–ಮ ಎಂಬಂತೆ ಗುರುತು ಹಾಕಿಕೊಳ್ಳಿ. ಅಂದಿನದನ್ನು ಅಂದೇ ತಿದ್ದಿ ಬರೆದಿಡಿ. ಭಾನುವಾರ ಕೂತು ಬರೆದರೆ ಊಹೆಯೇ ಕಂಡದ್ದರ ವೇಷ ಹಾಕಿಕೊಂಡು ಬರುತ್ತದೆ.

ಎರಡನೇ ವಾರದಿಂದ ಒಬ್ಬಿಬ್ಬರು ಮಕ್ಕಳ ಜತೆ ಕೂರಲು ಬಿಡಬಹುದು. ಆಗ ಎಡವುವುದು ಎಲ್ಲಿ ಎನ್ನುವುದಕ್ಕೆ ಒಂದು ಲೆಕ್ಕ ನೋಡಿ. ಮಗು 52ರಲ್ಲಿ 37 ಕಳೆದು 25 ಎಂದು ಬರೆದಿದೆ. ಇದು ಅಜಾಗರೂಕತೆ ಅಲ್ಲ. ಬಿಡಿ ಸ್ಥಾನದಲ್ಲಿ 2ರಿಂದ 7 ಹೋಗುವುದಿಲ್ಲ ಎಂದು ಕಂಡು 7ರಿಂದ 2 ಕಳೆದಿದೆ. ‘ದೊಡ್ಡದರಿಂದ ಚಿಕ್ಕದು ಕಳೆ’ ಎಂದು ಎಂದೋ ಕಲಿತ ನಿಯಮವನ್ನು ನಿಷ್ಠೆಯಿಂದ ಪಾಲಿಸಿದೆ. ಇಂಟರ್ನ್ ಕೂಡಲೇ ‘ಪಕ್ಕದ ಮನೆಯಿಂದ ದಶಕ ತಗೋ’ ಎಂದು ತಿದ್ದಿಬಿಡುತ್ತಾರೆ. ಮಗು ಅಂದಿಗೆ ಸರಿ ಮಾಡುತ್ತದೆ, ಸೋಮವಾರ ಮತ್ತೆ 25. ಬದಲಿಗೆ ಐದು ಕಟ್ಟು ಕಡ್ಡಿ, ಎರಡು ಬಿಡಿ ಕಡ್ಡಿ ಕೊಟ್ಟು ‘37 ಕಡ್ಡಿ ನನಗೆ ಕೊಡು’ ಎಂದು ಸುಮ್ಮನಿರಿ. ಮೂರು ಕಟ್ಟು ಕೊಡುತ್ತದೆ, ಬಿಡಿ ಏಳು ಬೇಕಾದಾಗ ತಡವರಿಸುತ್ತದೆ, ಆಮೇಲೆ ತಾನೇ ಒಂದು ಕಟ್ಟು ಬಿಚ್ಚುತ್ತದೆ. ಉಳಿದದ್ದು ಒಂದು ಕಟ್ಟು, ಐದು ಬಿಡಿ. ಆ ತಡವರಿಕೆಯ ಹೊತ್ತಿನಲ್ಲಿ ಬಾಯಿ ಹಾಕದಿರುವುದೇ ಕೆಲಸ. ಶಿಕ್ಷಕರು ಪ್ರಶ್ನೆ ಕೇಳಿ ಸರಾಸರಿ ಒಂದು ಸೆಕೆಂಡ್ ಕೂಡ ಕಾಯುವುದಿಲ್ಲ, ಮೂರು ಸೆಕೆಂಡ್ ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಮೌನವಾಗಿ ಕೂರುವವರೂ ಮಾತಾಡುತ್ತಾರೆ ಎಂದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದಾರೆ. ಮನಸ್ಸಿನಲ್ಲೇ ಮೂರು ಎಣಿಸುವುದನ್ನು ಅಭ್ಯಾಸ ಮಾಡಿಕೊಂಡು ಹೋಗಿ.

ಇಂಗ್ಲಿಷ್ ಬಗ್ಗೆ ನಿಮಗಿರುವ ಅಳುಕು ಅರ್ಥವಾಗುತ್ತದೆ. ಬೆಂಗಳೂರಿನ ಇಂಥ ಶಾಲೆಗಳಲ್ಲಿ ಶಿಕ್ಷಕರ ಸಭೆ, ಇಮೇಲ್ ಬಹುಪಾಲು ಇಂಗ್ಲಿಷ್‌ನಲ್ಲೇ ನಡೆಯುತ್ತವೆ. ಆದರೆ ಅವರಲ್ಲಿ ಕೊರತೆ ಇರುವುದು ಕನ್ನಡದ್ದು. ಮನೆಯಲ್ಲಿ ತಮಿಳು, ತೆಲುಗು, ಹಿಂದಿ ಆಡುವ ಮಕ್ಕಳಿಗೆ ಕನ್ನಡ ಕೇಳಿಸುವುದೇ ವಾರಕ್ಕೆ ನಾಲ್ಕು ಪೀರಿಯಡ್‌ನಲ್ಲಿ. ಬಹುತೇಕರು ಗುಣಿತಾಕ್ಷರದವರೆಗೆ ಬಂದು ಒತ್ತಕ್ಷರದಲ್ಲಿ ಸಿಕ್ಕಿಬೀಳುತ್ತಾರೆ. ಅರಸೀಕೆರೆ ಸೀಮೆಯ ಕನ್ನಡದಲ್ಲಿ ಒಗಟು ಹೇಳಬಲ್ಲ, ಊಟದ ಹೊತ್ತಲ್ಲಿ ಸಹಜವಾಗಿ ಹರಟಬಲ್ಲ ಒಬ್ಬರು ಅಲ್ಲಿಗೆ ಬೇಕಾದವರೇ. ಆದ್ದರಿಂದ ಅರ್ಜಿಯನ್ನು ಕ್ಷಮೆ ಕೇಳುವ ಧಾಟಿಯಲ್ಲಿ ಬರೆಯಬೇಡಿ. ‘ಇಂಗ್ಲಿಷ್ ಓದಿ ಅರ್ಥಮಾಡಿಕೊಳ್ಳುತ್ತೇನೆ, ನಿಧಾನವಾಗಿ ಮಾತಾಡುತ್ತೇನೆ, ಕನ್ನಡದಲ್ಲಿ ಮಕ್ಕಳ ಜತೆ ಈ ಎರಡು ಕೆಲಸ ಮಾಡಬಲ್ಲೆ’ ಎಂದು ನೇರವಾಗಿ ಬರೆಯಿರಿ.

ಆ ಎರಡು ಕೆಲಸ ಯಾವುವು? ಮುಗಿಯುವಂಥ ಗಾತ್ರದವು. ‘ಇಡೀ ಗ್ರಂಥಾಲಯವನ್ನು ಡಿಜಿಟಲ್ ಮಾಡುತ್ತೇನೆ’ ಎಂದು ಹೊರಟ ಇಂಟರ್ನ್ ಮೂರನೇ ವಾರಕ್ಕೆ ಅರ್ಧ ತುಂಬಿದ ಎಕ್ಸೆಲ್ ಶೀಟ್ ಬಿಟ್ಟು ಹೋಗುತ್ತಾರೆ, ಅದನ್ನು ಮುಂದುವರಿಸುವವರು ಯಾರೂ ಇರುವುದಿಲ್ಲ. ಅದರ ಬದಲು ಐವತ್ತು–ಅರವತ್ತು ಕನ್ನಡ ಚಿತ್ರಪುಸ್ತಕಗಳನ್ನು ಓದುವ ಕಷ್ಟದ ಪ್ರಕಾರ ವಿಂಗಡಿಸಿ. ಪುಟಕ್ಕೆ ಒಂದೆರಡು ಸಾಲು, ಒತ್ತಕ್ಷರ ಅಪರೂಪ ಇದ್ದರೆ ಹಸಿರು ಟೇಪು. ನಾಲ್ಕೈದು ಸಾಲು, ಸಜಾತಿ ಒತ್ತಕ್ಷರ ಮಾತ್ರ ಇದ್ದರೆ, ಅಂದರೆ ಅಕ್ಕ, ಅಮ್ಮ, ಹಳ್ಳಿ ಥರದವು, ಹಳದಿ. ವಿಜಾತಿ ಒತ್ತಕ್ಷರ, ಉದ್ದ ವಾಕ್ಯ ಬಂದರೆ ನೀಲಿ. ಪುಸ್ತಕದ ಬೆನ್ನಿಗೆ ಟೇಪ್ ಅಂಟಿಸಿದರೆ ಮಗು ತಾನೇ ಹುಡುಕಿಕೊಳ್ಳುತ್ತದೆ. ಶಾಲೆಯಲ್ಲಿ ಪುಸ್ತಕ ಕಡಿಮೆ ಇದ್ದರೆ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ತಾಣದಲ್ಲಿ ನಾಲ್ಕು ಹಂತದ ಕನ್ನಡ ಕಥೆಗಳು ಮುಕ್ತ ಪರವಾನಗಿಯಲ್ಲಿ ಸಿಗುತ್ತವೆ, ಮುದ್ರಿಸಿ ಹೊಲಿದುಕೊಳ್ಳಬಹುದು.

ಇನ್ನೊಂದು ಕೆಲಸ ಆಟ. ಅಳಗುಳಿ ಮಣೆಗೆ ಎರಡು ಸಾಲಿನಲ್ಲಿ ಏಳೇಳು ಗುಳಿ. ಗುಳಿಗೆ ಐದರಂತೆ 70 ಬೀಜ ಬೇಕು, ಮಣೆ ಇಲ್ಲದಿದ್ದರೆ ನೆಲದ ಮೇಲೆ ಸೀಮೆಸುಣ್ಣದ 14 ವೃತ್ತ ಸಾಕು. ಮಗು ಬೀಜ ಹಂಚುವ ಮೊದಲೇ ‘ಕೊನೆಯದು ಎಲ್ಲಿ ಬೀಳುತ್ತದೆ’ ಎಂದು ಹೇಳುವಂತಾದರೆ ಎಣಿಕೆ ದಾಟಿ ಲೆಕ್ಕಾಚಾರಕ್ಕೆ ಬಂದಿದೆ ಎಂದು ತಿಳಿಯಿರಿ. ಹುಣಸೆ ಬೀಜವನ್ನೇ ಬಳಸಿ. ಹಳ್ಳಿಯಲ್ಲಿ ಗುಲಗಂಜಿ ಇಟ್ಟು ಆಡುವುದುಂಟು, ಚೆಂದವೂ ಕಾಣುತ್ತದೆ. ಆದರೆ ಅಗಿದರೆ ಅದು ವಿಷ, ಶಾಲೆಯೊಳಗೆ ಒಂದು ಕಾಳೂ ಬೇಡ. ಮೂರು ವರ್ಷದೊಳಗಿನ ಮಕ್ಕಳಿರುವ ಕೋಣೆಗೆ ಹುಣಸೆ ಬೀಜವನ್ನೂ ಒಯ್ಯಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಕೊನೆಯ ವಾರ ಆಟದ ನಿಯಮ, ಯಾವ ವಯಸ್ಸಿಗೆ ಹೊಂದಿತು, ಎಲ್ಲಿ ಜಗಳ ಬಂತು ಎಂಬುದನ್ನು ಒಂದು ಪುಟದಲ್ಲಿ ಬರೆದು ಶಿಕ್ಷಕರಿಗೆ ಕೊಡಿ. ನೀವು ಹೋದ ಮೇಲೂ ಬಳಕೆಯಾಗುವುದು ಆ ಪುಟವೇ.

ಪೊಲೀಸ್ ವೆರಿಫಿಕೇಶನ್ ಕೇಳಿದ್ದು ಅವಮಾನವಲ್ಲ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೊ ಕಾಯ್ದೆಯ 2020ರ ನಿಯಮಗಳ ಪ್ರಕಾರ ಮಕ್ಕಳೊಂದಿಗೆ ನಿತ್ಯ ಸಂಪರ್ಕ ಇರುವ ಸಂಸ್ಥೆಗಳು ಬೋಧಕರು, ಬೋಧಕೇತರರು, ಕಾಯಂ, ಗುತ್ತಿಗೆ ಎನ್ನದೆ ಸಿಬ್ಬಂದಿಯ ಪೊಲೀಸ್ ಪರಿಶೀಲನೆ ಮಾಡಿಸಬೇಕು. ಎಚ್ಚರದ ಶಾಲೆಗಳು ಇಂಟರ್ನ್‌ಗಳಿಗೂ ಅದನ್ನೇ ಅನ್ವಯಿಸುತ್ತವೆ. ಕೇಳದ ಶಾಲೆಗಿಂತ ಕೇಳುವ ಶಾಲೆಯ ಮೇಲೆ ನಂಬಿಕೆ ಇಡಿ. ರಾಜ್ಯ ಸರ್ಕಾರದ ಸೇವಾ ಸಿಂಧು ಜಾಲತಾಣದ ಮೂಲಕ ಅರ್ಜಿ ಹಾಕಬಹುದು. ಕಾಯಂ ವಿಳಾಸ ಅರಸೀಕೆರೆ, ಈಗಿನ ವಾಸ ಮೈಸೂರು ಹಾಸ್ಟೆಲ್ ಆದ್ದರಿಂದ ಯಾವ ಠಾಣೆಯಿಂದ ಪರಿಶೀಲನೆ ಬೇಕೆಂದು ಶಾಲೆಯನ್ನೇ ಮೊದಲು ಕೇಳಿಕೊಳ್ಳಿ, ಇಲ್ಲವಾದರೆ ಎರಡು ಸಲ ಓಡಾಟ. ಒಂದು ತಿಂಗಳು ಮುಂಚೆ ಶುರು ಮಾಡಿದರೆ ನೆಮ್ಮದಿ.

ಒಳಗೆ ಹೋದ ಮೇಲೆ ಕೆಲವು ಗೆರೆಗಳನ್ನು ದಾಟಬಾರದು. ಮುಚ್ಚಿದ ಕೋಣೆಯಲ್ಲಿ ಒಂದೇ ಮಗುವಿನ ಜತೆ ಇರಬೇಡಿ. ಶೌಚಾಲಯಕ್ಕೆ ಕರೆದೊಯ್ಯುವ ಕೆಲಸ ನಿಮ್ಮದಲ್ಲ. ನಿಮ್ಮ ಫೋನಿನಲ್ಲಿ ಮಕ್ಕಳ ಫೋಟೊ ಬೇಡ, ದೊಡ್ಡ ಮಕ್ಕಳ ಇನ್‌ಸ್ಟಾಗ್ರಾಮ್ ರಿಕ್ವೆಸ್ಟ್ ಒಪ್ಪಿಕೊಳ್ಳುವುದೂ ಬೇಡ. ಮಗುವೊಂದು ತನಗೆ ಯಾರೋ ತೊಂದರೆ ಕೊಟ್ಟಿದ್ದನ್ನು ಹೇಳಿಕೊಂಡರೆ ಕೇಳಿಸಿಕೊಳ್ಳಿ. ‘ಯಾರಿಗೂ ಹೇಳಲ್ಲ’ ಎಂದು ಮಾತು ಕೊಡಬೇಡಿ, ಕೆದಕಿ ಕೆದಕಿ ಪ್ರಶ್ನಿಸಬೇಡಿ. ಮಗು ಆಡಿದ ಮಾತನ್ನು ಅದೇ ಪದಗಳಲ್ಲಿ ಬರೆದು ಆ ದಿನವೇ ಶಾಲೆಯ ಮಕ್ಕಳ ಸುರಕ್ಷತೆಯ ಹೊಣೆ ಹೊತ್ತವರಿಗೆ ತಿಳಿಸಿ. ಆ ವ್ಯಕ್ತಿ ಯಾರು ಎಂದು ಮೊದಲ ದಿನವೇ ಕೇಳಿಟ್ಟುಕೊಂಡಿರಬೇಕು. ಲೈಂಗಿಕ ದೌರ್ಜನ್ಯದ ಮಾಹಿತಿ ಇದ್ದರೆ ವರದಿ ಮಾಡುವ ಕರ್ತವ್ಯ ಪೋಕ್ಸೊ 19ನೇ ಕಲಮಿನಡಿ ಎಲ್ಲರದೂ ಹೌದು, ಇಂಟರ್ನ್ ಎಂಬ ವಿನಾಯಿತಿ ಇಲ್ಲ. ಶಾಲೆ ಕೈಚೆಲ್ಲಿದರೆ ಪೊಲೀಸರಿದ್ದಾರೆ, ಮಕ್ಕಳ ಸಹಾಯವಾಣಿ 1098 ಇದೆ.

ನಿಮ್ಮ ವಿಷಯಕ್ಕೇ ಅಂಟಿಕೊಂಡ ಅಪಾಯವೂ ಒಂದಿದೆ. ಹೊಸದಾಗಿ ಮನೋವಿಜ್ಞಾನ ಓದಿದವರಿಗೆ ಮಕ್ಕಳೆಲ್ಲ ಪಠ್ಯಪುಸ್ತಕದ ಅಧ್ಯಾಯಗಳಂತೆ ಕಾಣುತ್ತಾರೆ. ‘ಇವನಿಗೆ ಎಡಿಎಚ್‌ಡಿ ಇರಬಹುದು’ ಎಂದು ಸ್ಟಾಫ್ ರೂಮಿನಲ್ಲಿ ಆಡಿದ ಮಾತು ಸಂಜೆಗೆ ಪೋಷಕರ ಕಿವಿ ತಲುಪುತ್ತದೆ. ಕಲಿಕಾ ನ್ಯೂನತೆಯ ಮೌಲ್ಯಮಾಪನ ನಿಮ್ಹಾನ್ಸ್‌ನಂಥ ಸಂಸ್ಥೆಗಳ ತಜ್ಞರ ಕೆಲಸ. ನಿಮ್ಮ ಪಾಲಿನದು ಹತ್ತು ನಿಮಿಷದ ದಾಖಲೆಗಳನ್ನು ಶಿಕ್ಷಕರಿಗೆ ಕೊಡುವುದು, ಅಷ್ಟೇ. ಪ್ರಾಜೆಕ್ಟ್‌ಗಾಗಿ ಪ್ರಶ್ನಾವಳಿ ತುಂಬಿಸಬೇಕಿದ್ದರೆ ಶಾಲೆಯ ಅನುಮತಿ, ಪೋಷಕರ ಲಿಖಿತ ಒಪ್ಪಿಗೆ, ಮಗುವಿನ ಇಷ್ಟ ಮೂರೂ ಬೇಕು. ನಾಲ್ಕು ವಾರದಲ್ಲಿ ಇದು ಸಾಧ್ಯವಾಗುವುದು ಕಡಿಮೆ, ಹಾಗಾಗಿ ಆ ಆಸೆ ಬಿಡಿ.

ಹಣದ ವಿಚಾರ ಸುಲಭ. ಎಂಬತ್ತು ಮಕ್ಕಳ ಶುಲ್ಕದಲ್ಲಿ ನಡೆಯುವ ಶಾಲೆಗೆ ಸ್ಟೈಪೆಂಡ್ ಕೊಡುವ ಶಕ್ತಿ ಇರುವುದು ಅಪರೂಪ. ಕೇಂದ್ರದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆಯ ಹಣವನ್ನು ನೆಚ್ಚಿಕೊಳ್ಳಬೇಡಿ, ಅದು ದೊಡ್ಡ ಕಂಪನಿಗಳಿಗೆ ಸಂಬಂಧಿಸಿದ್ದು, 2024ರಲ್ಲಿ ಶುರುವಾದಾಗ ಪೂರ್ಣಾವಧಿ ವಿದ್ಯಾರ್ಥಿಗಳಿಗೆ ಅವಕಾಶವೂ ಇರಲಿಲ್ಲ. ಆದರೆ ಮಧ್ಯಾಹ್ನದ ಊಟ, ಓಡಾಟದ ಖರ್ಚು ಕೇಳುವುದರಲ್ಲಿ ಸಂಕೋಚ ಬೇಡ, ಸಣ್ಣ ಶಾಲೆಗಳೂ ಸಾಮಾನ್ಯವಾಗಿ ಒಪ್ಪುತ್ತವೆ. ಪಿಜಿಯ ಬಾಡಿಗೆ, ಅಡ್ವಾನ್ಸ್ ಸೇರಿಸಿ ಲೆಕ್ಕ ಹಾಕಿ. ಶಾಲೆ ಎಲ್ಲಿದೆ ನೋಡಿಯೇ ಪಿಜಿ ಹಿಡಿಯಿರಿ. ‘ಬೆಂಗಳೂರಿನ ಪರ್ಯಾಯ ಶಾಲೆ’ಗಳಲ್ಲಿ ಎಷ್ಟೋ ಊರಾಚೆ ಇವೆ: ವ್ಯಾಲಿ ಸ್ಕೂಲ್ ಕನಕಪುರ ರಸ್ತೆಯಲ್ಲಿ ಸಿಲ್ಕ್ ಇನ್‌ಸ್ಟಿಟ್ಯೂಟ್ ಮೆಟ್ರೊ ನಿಲ್ದಾಣ ದಾಟಿ ಮುಂದೆ, ಸೆಂಟರ್ ಫಾರ್ ಲರ್ನಿಂಗ್ ಮಾಗಡಿ ಕಡೆ. ಯಲಹಂಕದಲ್ಲಿ ಪಿಜಿ ಹಿಡಿದು ಕನಕಪುರ ರಸ್ತೆಗೆ ಹೋಗುವ ಲೆಕ್ಕ ಹಾಕಿದವರು ಎರಡನೇ ವಾರಕ್ಕೆ ಸುಸ್ತು. ಬಿಎಂಟಿಸಿಯ ಸಾಮಾನ್ಯ ಬಸ್ಸಿನಲ್ಲಿ ಶಕ್ತಿ ಯೋಜನೆಯಿಂದ ನಿಮಗೆ ಟಿಕೆಟ್ ಖರ್ಚು ಉಳಿಯಬಹುದು, ಸಮಯ ಉಳಿಯುವುದಿಲ್ಲ.

ಇಂಟರ್ನ್ ಆಗಲು ನೀವೇ ಹಣ ಕಟ್ಟಬೇಕೆಂದರೆ ಅಲ್ಲಿಗೆ ಹೋಗಬೇಡಿ. ನಿಮ್ಮ ಗೆಳತಿ 4,000 ರೂಪಾಯಿಗೆ ಕೊಂಡದ್ದು ಒಂದು ಪಿಡಿಎಫ್. ವೈವಾದಲ್ಲಿ ‘ಆ ಶಾಲೆಯ ಬೆಳಗು ಹೇಗೆ ಶುರುವಾಗುತ್ತದೆ’ ಎಂದು ಕೇಳಿದರೆ ಅದು ಉತ್ತರ ಹೇಳುವುದಿಲ್ಲ. ಯಾವ ಸಂಸ್ಥೆಗೂ ಅಂಕಪಟ್ಟಿಯ ಮೂಲಪ್ರತಿ ಒಪ್ಪಿಸಬೇಡಿ, ತೋರಿಸಿ ವಾಪಸ್ ತನ್ನಿ.

ಈಗ ನಿಮ್ಮ ಮುಂದಿರುವ ದಾರಿಗಳು. ಕಾಲೇಜು ಗಂಟೆಗಳನ್ನು ಒಡೆಯಲು ಬಿಟ್ಟರೆ ಬೆಂಗಳೂರಿನ ಶಾಲೆಯಲ್ಲಿ ಮೇ ಕೊನೆಯ ವಾರ ಸೇರಿ. ಅನೇಕ ಪರ್ಯಾಯ ಶಾಲೆಗಳ ಶಿಕ್ಷಕರು ಮಕ್ಕಳು ಬರುವ ವಾರ–ಹತ್ತು ದಿನ ಮೊದಲೇ ಕೂತು ವರ್ಷದ ಯೋಜನೆ ಮಾಡುತ್ತಾರೆ. ಹೊರಗಿನವರಿಗೆ ಕಾಣದ ಆ ಭಾಗ ನಿಮಗೆ ಸಿಗುತ್ತದೆ. ಕಾಲೇಜು ಅನುಮತಿ ಕೊಟ್ಟರೆ ಜೂನ್‌ನ ಮೊದಲ ಎರಡು ವಾರ ಮಕ್ಕಳ ಜತೆ. ಇದರ ಅಪಾಯ ಹಾಜರಾತಿ: ವಿಭಾಗದ ಮುಖ್ಯಸ್ಥರ ಲಿಖಿತ ಅನುಮತಿ ಕೈಯಲ್ಲಿಲ್ಲದೆ ಹೊರಡಬೇಡಿ. ಇನ್ನೊಂದು ಅಪಾಯ, ಜೂನ್ ಆರಂಭದಲ್ಲಿ ಪುಟ್ಟ ಮಕ್ಕಳು ಅಳುವ ಹೊತ್ತು, ಕೆಲವು ಶಾಲೆಗಳು ಆಗ ಹೊಸ ಮುಖ ಬೇಡ ಎನ್ನುತ್ತವೆ. ಆಗ ದೊಡ್ಡ ಮಕ್ಕಳ ಗುಂಪು ಕೇಳಿ.

ಬೇಸಿಗೆಯಲ್ಲೇ ಮುಗಿಸಲೇಬೇಕೆಂದರೆ ಮನೆಯ ಹತ್ತಿರ ನೋಡಿ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಶಾಲೆಗೆ ರಜೆ ಇದ್ದಾಗಲೇ ಅಲ್ಲಿ ಮಕ್ಕಳು ಸಿಗುತ್ತಾರೆ. ಪಿಡಿಒ ಅವರಿಂದ ಪತ್ರ ಪಡೆದು ಪುಸ್ತಕ ವಿಂಗಡಣೆ, ಓದುವ ಗುಂಪು, ಅಳಗುಳಿ ಮಣೆ ಎಲ್ಲವನ್ನೂ ಮಾಡಬಹುದು, ವಾಸದ ಖರ್ಚಿಲ್ಲ. ಕೊರತೆ ಎಂದರೆ ದಿನವೂ ನಿಮ್ಮನ್ನು ತಿದ್ದುವ ಮಾರ್ಗದರ್ಶಕರು ಇರುವುದಿಲ್ಲ. ಕಾಲೇಜಿನ ಅಧ್ಯಾಪಕರೊಬ್ಬರು ವಾರಕ್ಕೊಮ್ಮೆ ಫೋನಿನಲ್ಲಾದರೂ ದಾಖಲೆ ನೋಡಲು ಒಪ್ಪಬೇಕು, ಇಲ್ಲದಿದ್ದರೆ 120 ಗಂಟೆ ಬರೀ ಶಿಬಿರದ ಓಡಾಟವಾಗಿ ಮುಗಿಯುತ್ತದೆ.

ನನ್ನನ್ನು ಕೇಳಿದರೆ ಎಲ್ಲಕ್ಕಿಂತ ಒಳ್ಳೆಯ ಕಾಲ ಬೇಸಿಗೆಯೇ ಅಲ್ಲ, ಡಿಸೆಂಬರ್–ಜನವರಿ. ಆಗ ಕಾಲೇಜಿಗೆ ಸೆಮಿಸ್ಟರ್ ಬಿಡುವು ಸಿಗಬಹುದು, ಶಾಲೆ ಕ್ರಿಸ್‌ಮಸ್ ವಾರ ಬಿಟ್ಟರೆ ಪೂರ್ಣ ನಡೆಯುತ್ತಿರುತ್ತದೆ, ಮಕ್ಕಳು ವರ್ಷದ ಲಯಕ್ಕೆ ಬಂದಿರುತ್ತಾರೆ. ಐದನೇ ಸೆಮಿಸ್ಟರ್ ಮುಗಿಸಿ ಹೋಗಲು ಕಾಲೇಜು ಒಪ್ಪಿದರೆ ಕಾಯುವುದೇ ಮೇಲು. ಬೆಂಗಳೂರೇ ಆಗಬೇಕೆಂಬ ಹಟವೂ ಬೇಡ. ಮೈಸೂರಿನಲ್ಲೇ ‘ಅರಿವು’, ಧಾರವಾಡದಲ್ಲಿ ‘ಬಾಲ ಬಳಗ’ ಕನ್ನಡ ಮಾಧ್ಯಮದಲ್ಲೇ ಪರ್ಯಾಯ ಶಿಕ್ಷಣದ ಕೆಲಸ ಮಾಡುತ್ತಿವೆ. ಮೈಸೂರಿನದಾದರೆ ಹಾಸ್ಟೆಲ್‌ನಿಂದಲೇ ಹೋಗಿಬರಬಹುದು, ಪ್ರತಿ ಶನಿವಾರ ಎಂದು ಹಂಚಿಕೊಳ್ಳಲೂ ಸಾಧ್ಯ.

ಅರ್ಜಿ ಒಂದೇ ಪುಟ ಇರಲಿ. ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ, ದಿನಕ್ಕೆ ಎಷ್ಟು ಗಂಟೆ, ಏನು ಮಾಡಬಲ್ಲಿರಿ, ಏನು ಕಲಿಯಬೇಕಿದೆ, ಕಾಲೇಜಿನ ಯಾರನ್ನು ಸಂಪರ್ಕಿಸಬಹುದು. ಇಪ್ಪತ್ತು ಶಾಲೆಗೆ ಒಂದೇ ಇಮೇಲ್ ಕಳಿಸಿದರೆ ಓದುವವರಿಗೆ ಗೊತ್ತಾಗುತ್ತದೆ. ಸೇರುವ ಮುನ್ನ ಒಂದು ದಿನ ಸುಮ್ಮನೆ ಬಂದು ನೋಡಲು ಅವಕಾಶ ಕೇಳಿ. ಆ ದಿನ ಮಕ್ಕಳ ಜತೆ ದೊಡ್ಡವರು ಯಾವ ದನಿಯಲ್ಲಿ ಮಾತಾಡುತ್ತಾರೆ ಗಮನಿಸಿ. ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಎರಡನ್ನೂ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ಗದರಿಸದೆಯೂ ವ್ಯಂಗ್ಯದಲ್ಲಿ ಚುಚ್ಚುವ ಶಾಲೆಗಳು ಪರ್ಯಾಯದ ಬೋರ್ಡಿನ ಹಿಂದೆಯೂ ಇವೆ. ಒಪ್ಪಿಗೆ ಪತ್ರದಲ್ಲಿ ಮಾರ್ಗದರ್ಶಕರ ಹೆಸರು, ವಾರಕ್ಕೊಮ್ಮೆ ಮಾತುಕತೆಯ ಸಮಯ, ನಿಮ್ಮ ಕೆಲಸಗಳ ಪಟ್ಟಿ ಬರಲಿ.

ಅಪ್ಪನಿಗೆ ಇದ್ದದ್ದನ್ನೇ ಹೇಳಿ: ಇದರಿಂದ ನೇರವಾಗಿ ಕೆಲಸ ಸಿಗುವುದಿಲ್ಲ. ಬಿ.ಎಡ್.ಗೂ ಇದು ಲೆಕ್ಕವಾಗುವುದಿಲ್ಲ, ಎರಡು ವರ್ಷದ ಬಿ.ಎಡ್.ನಲ್ಲಿ 20 ವಾರಗಳ ಶಾಲಾ ಇಂಟರ್ನ್‌ಶಿಪ್ ಬೇರೆಯೇ ಇದೆ. ಆದರೆ ಎಂ.ಎ. ಎಜುಕೇಶನ್, ಎಂಎಸ್‌ಡಬ್ಲ್ಯು, ಶಾಲಾ ಆಪ್ತಸಮಾಲೋಚನೆ ಇವುಗಳಲ್ಲಿ ಯಾವುದಕ್ಕೆ ಹೋದರೂ ಸಂದರ್ಶನದಲ್ಲಿ ಕೇಳುವುದು ಮಕ್ಕಳ ಜತೆ ಏನು ಮಾಡಿದ್ದೀರಿ ಎಂದೇ. ಮಕ್ಕಳ ಜತೆಗಿನ ಕೆಲಸ ನಿಮಗೆ ಹಿಡಿಸುವುದಿಲ್ಲ ಎಂದು ಗೊತ್ತಾದರೆ ಅದೂ ಲಾಭವೇ, ಬಿ.ಎಡ್. ಶುಲ್ಕ ಕಟ್ಟುವ ಮೊದಲೇ ತಿಳಿಯಿತಲ್ಲ.

ಮುಗಿಸುವಾಗ ಸರ್ಟಿಫಿಕೇಟ್‌ನಲ್ಲಿ ಒಟ್ಟು ಗಂಟೆ, ದಿನಾಂಕ, ಮಾಡಿದ ಕೆಲಸ ಮೂರೂ ನಮೂದಾಗಿವೆಯೇ ನೋಡಿಕೊಳ್ಳಿ. ‘ಯಶಸ್ವಿಯಾಗಿ ಪೂರೈಸಿದ್ದಾರೆ’ ಎಂಬ ಒಂದೇ ಸಾಲಿಗೆ ಪರೀಕ್ಷಾ ವಿಭಾಗ ಕ್ರೆಡಿಟ್ ಕೊಡದೆ ತಿರುಗಿಸಿ ಕಳಿಸಬಹುದು. ಗಂಟೆಗಳ ಹಾಳೆಗೆ ಪ್ರತಿ ಶುಕ್ರವಾರ ಸಹಿ ಹಾಕಿಸಿಕೊಳ್ಳಿ. ಕೊನೆಯ ದಿನ ಎಲ್ಲಕ್ಕೂ ಒಟ್ಟಿಗೆ ಸಹಿ ಕೇಳಿದರೆ ಮಾರ್ಗದರ್ಶಕರು ರಜೆಯಲ್ಲಿರಬಹುದು.